ರಾತ್ರಿ ಎರಡು ಗಂಟೆಗೆ ಮಾಜಿ ಸೈನಿಕರ ಫೋನ್ ಎತ್ತುವವರು ಯಾರು?

ಇವರಿಗೆ,
ನಿರ್ದೇಶಕರು, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಬೆಂಗಳೂರು
ಹಾಗೂ ರಾಜ್ಯ ಆರೋಗ್ಯ ಇಲಾಖೆಯಲ್ಲಿ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಹೊಣೆ ಹೊತ್ತ ಅಧಿಕಾರಿಗಳು

ಮಾನ್ಯರೇ,

40 ನಿಮಿಷದ ಒಂದು ಸಾಕ್ಷ್ಯಚಿತ್ರವನ್ನು ನೀವು ನಿಮ್ಮ ಸಿಬ್ಬಂದಿಯ ಜೊತೆ ಕೂತು ನೋಡಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನೋಡಿದ ಮೇಲೆ ಆಗಬೇಕಾದ ಕೆಲಸವೊಂದಿದೆ, ಅದನ್ನೂ ಇಲ್ಲೇ ಹೇಳುತ್ತೇನೆ.

ಚಿತ್ರದ ಹೆಸರು ‘ಕ್ರೈಸಿಸ್ ಹಾಟ್‌ಲೈನ್: ವೆಟರನ್ಸ್ ಪ್ರೆಸ್ 1’. ನಿರ್ದೇಶಕಿ ಎಲೆನ್ ಗೂಸೆನ್‌ಬರ್ಗ್ ಕೆಂಟ್, ನಿರ್ಮಾಪಕಿ ಡೇನಾ ಪೆರಿ. 2013ರ ನವೆಂಬರ್‌ನಲ್ಲಿ ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರವಾಯಿತು, 2015ರಲ್ಲಿ ಕಿರು ಸಾಕ್ಷ್ಯಚಿತ್ರಕ್ಕೆ ಕೊಡುವ ಆಸ್ಕರ್ ಪಡೆಯಿತು. ನ್ಯೂಯಾರ್ಕ್ ರಾಜ್ಯದ ಕನಂಡೈಗ್ವಾ ಎಂಬ ಸಣ್ಣ ಊರಿನಲ್ಲಿ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯೊಂದಿದೆ. ಅದರ ಆವರಣದಲ್ಲಿ ಹಗಲೂ ರಾತ್ರಿ ಫೋನ್ ಎತ್ತುವ ಜನರ ಕಥೆ ಇದು. ಸಾಯಬೇಕೆನ್ನಿಸಿದ ಮಾಜಿ ಸೈನಿಕರು, ಅವರ ಹೆಂಡತಿಯರು, ತಾಯಂದಿರು, ಇನ್ನೂ ಸೇವೆಯಲ್ಲಿರುವ ಹುಡುಗರು ಅಲ್ಲಿಗೆ ಫೋನ್ ಮಾಡುತ್ತಾರೆ.

ಇದು ಯುದ್ಧದ ಚಿತ್ರವಲ್ಲ. ಇರಾಕ್ ಇಲ್ಲ, ಅಫ್ಘಾನಿಸ್ತಾನ ಇಲ್ಲ, ಗುಂಡಿನ ಸದ್ದಿಲ್ಲ. ಆಫೀಸಿನಲ್ಲಿರುವಂಥ ಮೇಜುಗಳು, ಕಂಪ್ಯೂಟರು, ಹೆಡ್‌ಸೆಟ್ ಹಾಕಿಕೊಂಡು ಕೂತ ಮಧ್ಯವಯಸ್ಸಿನ ಹೆಂಗಸರು ಗಂಡಸರು, ಅಷ್ಟೇ. ಫೋನ್ ಮಾಡಿದವರ ಗುಟ್ಟು ಕಾಯಬೇಕಾದ್ದರಿಂದ ಅವರ ದನಿ ನಮಗೆ ಕೇಳಿಸುವುದೇ ಇಲ್ಲ. ಈ ಕಡೆಯವರ ಮಾತು ಮಾತ್ರ ಕಿವಿಗೆ ಬೀಳುತ್ತದೆ. ಒಂದು ಪ್ರಶ್ನೆ, ಆಮೇಲೆ ಮೌನ, ಆಮೇಲೆ “ಹೂಂ, ಹೇಳಿ”. ಆ ಮೌನದಲ್ಲಿ ಆಚೆ ಕಡೆ ಏನು ನಡೆಯುತ್ತಿದೆ ಎಂಬುದನ್ನು ಕೂತವರ ಮುಖ ನೋಡಿಯೇ ನಾವು ತಿಳಿಯಬೇಕು. ಹುಬ್ಬು ಗಂಟಿಕ್ಕುತ್ತದೆ, ಕೈ ಪೆನ್ನಿಗೆ ಹೋಗುತ್ತದೆ. ಪಕ್ಕದ ಮೇಜಿನವರು ಇನ್ನೊಂದು ಫೋನಿನಲ್ಲಿ ಸಾವಿರಾರು ಮೈಲಿ ದೂರದ ಯಾವುದೋ ಊರಿನ ಪೊಲೀಸರಿಗೆ ವಿಳಾಸ ಹೇಳುತ್ತಿರುತ್ತಾರೆ. ಇಲ್ಲಿ ಮಾತಾಡುತ್ತಿರುವವರು ಮಾತ್ರ ದನಿ ಏರಿಸುವುದಿಲ್ಲ, ಅವಸರ ತೋರಿಸುವುದಿಲ್ಲ. ಸಹಾಯ ಬಾಗಿಲಿಗೆ ಬರುವ ತನಕ ಆ ಮನುಷ್ಯನನ್ನು ಮಾತಿನಲ್ಲಿ ಹಿಡಿದಿಟ್ಟಿರಬೇಕು.

ಅವರು ಕೇಳುವ ಪ್ರಶ್ನೆಗಳನ್ನು ಗಮನಿಸಿ. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ, ಸುತ್ತಿಬಳಸದೆ ಕೇಳುತ್ತಾರೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಅಂಜಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಆತ್ಮಹತ್ಯೆ ತಡೆಯುವ ಕೆಲಸ ಮಾಡುವವರು ಎಲ್ಲ ದೇಶಗಳಲ್ಲೂ ಹೇಳುವುದು ಇದಕ್ಕೆ ವಿರುದ್ಧವಾದದ್ದನ್ನು: ಬಾಯಿಬಿಟ್ಟು ಕೇಳಿದರೆ ಎದೆಯ ಮೇಲಿನ ಭಾರ ಇಳಿಯುತ್ತದೆ, ಯಾರೋ ಒಬ್ಬರಿಗಾದರೂ ತನ್ನ ಸ್ಥಿತಿ ಗೊತ್ತಾಯಿತು ಎಂದು ಸಮಾಧಾನವಾಗುತ್ತದೆ. ಆಮೇಲೆ ಕೇಳುವುದು ಬಂದೂಕಿನ ಬಗ್ಗೆ. ಅದು ಎಲ್ಲಿದೆ? ಬೇರೆ ಕೋಣೆಯಲ್ಲಿಟ್ಟು ಬರುತ್ತೀರಾ? ಮನೆಯಲ್ಲಿರುವವರ ಕೈಗೆ ಕೊಡುತ್ತೀರಾ? ಆತ್ಮಹತ್ಯೆಯಿಂದ ಸಾಯುವ ಅಮೆರಿಕದ ಮಾಜಿ ಸೈನಿಕರಲ್ಲಿ ಹತ್ತರಲ್ಲಿ ಸುಮಾರು ಏಳು ಸಾವುಗಳು ಬಂದೂಕಿನಿಂದ ಆಗುತ್ತವೆ. ಸಾಯಬೇಕೆಂಬ ತೀವ್ರತೆ ಎಷ್ಟೋ ಸಲ ಕೆಲವೇ ಹೊತ್ತಿನದು. ಅಷ್ಟು ಹೊತ್ತು ಕೈಗೂ ಆಯುಧಕ್ಕೂ ನಡುವೆ ಒಂದು ಬೀಗವೋ ಒಂದು ಗೋಡೆಯೋ ಇದ್ದರೆ ಜೀವ ಉಳಿಯುತ್ತದೆ.

ಈ ವಿಷಯ ನಮಗೆ ದೂರದ್ದಲ್ಲ. ಕೊಡಗಿನಲ್ಲಿ ಕೋವಿ ಮನೆತನದ ಗೌರವ, ಕೈಲ್‌ಪೋಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ. ಬ್ಯಾಂಕು, ಎಟಿಎಂ ಕಾವಲಿನ ಕೆಲಸಕ್ಕೆಂದು ಲೈಸೆನ್ಸ್ ಬಂದೂಕು ಇಟ್ಟುಕೊಂಡ ಮಾಜಿ ಸೈನಿಕರು ರಾಜ್ಯದ ಎಲ್ಲ ಕಡೆ ಇದ್ದಾರೆ. ಹೊಲ ಇರುವವರ ಮನೆಯಲ್ಲಿ ಕ್ರಿಮಿನಾಶಕ ಇದ್ದೇ ಇರುತ್ತದೆ. ಕೋವಿಯನ್ನು ಯಾರೂ ಮನೆತನದಿಂದ ಕಸಿಯಬೇಕಿಲ್ಲ. ಮನೆಯಲ್ಲೊಬ್ಬರು ಒಳಗೊಳಗೇ ಕುಗ್ಗಿದ್ದಾರೆಂದು ತಿಳಿದಾಗ ಬೀಗದ ಕೈ ಬೇರೆಯವರ ಬಳಿ ಇರಲಿ, ಔಷಧಿ ಡಬ್ಬಿ ಪಕ್ಕದ ಮನೆಯಲ್ಲಿರಲಿ ಎಂದು ಆ ಮನೆಯವರಿಗೆ ಹೇಳಿಕೊಡುವವರು ಬೇಕು. ನಿಮ್ಮ ಜಿಲ್ಲಾ ಕಚೇರಿಗಳಿಂದ ಅಂಥ ಮಾತು ನಾನು ಈವರೆಗೆ ಕೇಳಿಲ್ಲ.

ಆ ಸಹಾಯವಾಣಿ ಹುಟ್ಟಿದ ಬಗೆಯನ್ನೂ ನೀವು ತಿಳಿಯಬೇಕು. ಐಯೋವಾ ರಾಜ್ಯದ ಜೋಶುವಾ ಆಮ್ವಿಗ್ ಎಂಬ 22ರ ಹುಡುಗ ಇರಾಕಿನಿಂದ ಮರಳಿದ ಮೇಲೆ 2005ರ ಡಿಸೆಂಬರ್‌ನಲ್ಲಿ ಜೀವ ಕಳೆದುಕೊಂಡ. ತಂದೆ ತಾಯಿ ಅದನ್ನು ಮುಚ್ಚಿಡಲಿಲ್ಲ. ಊರೂರಿಗೆ ಕೇಳಿಸುವಂತೆ ಮಾತಾಡಿದರು, ಸಂಸತ್ತಿನ ಕದ ತಟ್ಟಿದರು. 2007ರ ನವೆಂಬರ್‌ನಲ್ಲಿ ಅವನ ಹೆಸರಿನಲ್ಲೇ ಮಾಜಿ ಸೈನಿಕರ ಆತ್ಮಹತ್ಯೆ ತಡೆ ಕಾಯ್ದೆ ಬಂತು. ಅದೇ ವರ್ಷ ಕನಂಡೈಗ್ವಾದಲ್ಲಿ ಫೋನುಗಳು ಶುರುವಾದವು. ಅಲ್ಲಿನವರು ಮಾಜಿ ಸೈನಿಕರಿಗೆಂದು ಪೂರ್ತಿ ಬೇರೆ ನಂಬರ್ ಮಾಡಲಿಲ್ಲ. ದೇಶದ ಎಲ್ಲರಿಗೂ ಇದ್ದ ಆತ್ಮಹತ್ಯೆ ತಡೆ ಸಹಾಯವಾಣಿಗೇ ಫೋನ್ ಮಾಡಿ ‘1’ ಒತ್ತಿದರೆ ಸಾಕು, ಕರೆ ಸೈನಿಕರ ಬದುಕು ಬಲ್ಲವರಿಗೆ ಹೋಗುತ್ತದೆ. ಚಿತ್ರದ ಹೆಸರೂ ಅದೇ. 2022ರ ಜುಲೈಯಲ್ಲಿ ಅಲ್ಲಿನ ಹತ್ತಂಕಿಯ ನಂಬರಿನ ಬದಲು ಒತ್ತಬಹುದಾದ ‘988’ ಎಂಬ ಚಿಕ್ಕ ನಂಬರ್ ಬಂತು. ಮಾಜಿ ಸೈನಿಕರಿಗೆ ಇವತ್ತಿಗೂ 988, ಆಮೇಲೆ 1. ನಿದ್ದೆಗೆಟ್ಟ ಮನುಷ್ಯ ಕತ್ತಲೆಯಲ್ಲೂ ಒತ್ತಬಹುದಾದ ನಂಬರ್ ಅದು.

ಅಲ್ಲಿ ಎಲ್ಲವೂ ಸರಿಯಾಗಿ ನಡೆದಿದೆ ಎಂದು ನಾನು ಹೇಳುತ್ತಿಲ್ಲ. ಚಿತ್ರಕ್ಕೆ ಆಸ್ಕರ್ ಬಂದ ಮರುವರ್ಷ, 2016ರ ಫೆಬ್ರವರಿಯಲ್ಲಿ, ಆ ಸಹಾಯವಾಣಿ ನಡೆಸುವ ಅಮೆರಿಕದ ಮಾಜಿ ಸೈನಿಕರ ಇಲಾಖೆಯದೇ ತನಿಖಾ ವಿಭಾಗ ಒಂದು ಕಹಿ ವರದಿ ಕೊಟ್ಟಿತು. ಕನಂಡೈಗ್ವಾದ ಫೋನುಗಳು ತುಂಬಿದ್ದಾಗ ಕರೆಗಳು ಬೇರೆ ಕೇಂದ್ರಕ್ಕೆ ಹೋಗುತ್ತಿದ್ದವು, ಅಲ್ಲಿ ಕೆಲವು ವಾಯ್ಸ್‌ಮೇಲ್‌ಗೆ ಬಿದ್ದಿದ್ದವು. ಸಾಯಲು ಹೊರಟವನಿಗೆ ಯಂತ್ರದ ದನಿ ಉತ್ತರ ಕೊಟ್ಟಿತ್ತು! ಅದೇ ವರ್ಷ ಅಮೆರಿಕದ ಸಂಸತ್ತು, ಯಾವ ಕರೆಯೂ ಉತ್ತರವಿಲ್ಲದೆ ಹೋಗಬಾರದು ಎಂದು ಕಾಯ್ದೆಯನ್ನೇ ಮಾಡಬೇಕಾಯಿತು. ಅಟ್ಲಾಂಟಾದಲ್ಲಿ ಎರಡನೆಯ ಕೇಂದ್ರ, ಮುಂದೆ ಟೊಪೀಕಾದಲ್ಲಿ ಮೂರನೆಯದು ತೆರೆದವು. ಸಹಾಯವಾಣಿ ಉದ್ಘಾಟಿಸುವುದು ಸುಲಭ, ಜನ ಸಾಲದೆ ಹೋದರೆ ಅದರಿಂದ ಮೋಸ ಹೋಗುವವರು ಆ ನಂಬರನ್ನು ನಂಬಿದವರೇ. ಈ ತಪ್ಪು ಅವರಿಗಾಗಿದೆ, ನಮಗಾಗುವುದು ಬೇಡ.

ಚಿತ್ರ ತಯಾರಾದ ಕಾಲಕ್ಕೆ ಅಮೆರಿಕದಲ್ಲಿ ದಿನಕ್ಕೆ 22 ಮಾಜಿ ಸೈನಿಕರು ಆತ್ಮಹತ್ಯೆಯಿಂದ ಸಾಯುತ್ತಾರೆ ಎಂಬ ಅಂದಾಜಿತ್ತು. ಆಮೇಲೆ ಇನ್ನೂ ಸರಿಯಾಗಿ ಲೆಕ್ಕ ಹಾಕಿದಾಗ ಅದು 17ರ ಆಸುಪಾಸಿಗೆ ನಿಂತಿತು. ಆದರೂ ವರ್ಷಕ್ಕೆ 6 ಸಾವಿರಕ್ಕೂ ಹೆಚ್ಚು ಜೀವ. ಸಂಖ್ಯೆ ದೊಡ್ಡದು, ಆದರೆ ಅವರು ಎಣಿಸುತ್ತಾರೆ. ವರ್ಷವರ್ಷ ವರದಿ ತರುತ್ತಾರೆ, ಯಾವ ವಯಸ್ಸಿನವರು, ಸೇವೆ ಬಿಟ್ಟು ಎಷ್ಟು ಕಾಲವಾಗಿತ್ತು ಎಂದು ನೋಡುತ್ತಾರೆ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಡುವ ಆತ್ಮಹತ್ಯೆಯ ಪಟ್ಟಿಯಲ್ಲಿ ರೈತರು, ದಿನಗೂಲಿಯವರು, ಗೃಹಿಣಿಯರು, ನಿವೃತ್ತರು ಎಂದೆಲ್ಲ ವಿಂಗಡಣೆ ಇದೆ, ಮಾಜಿ ಸೈನಿಕರಿಗೆಂದು ಒಂದು ಸಾಲಿಲ್ಲ. ಊರಿಗೆ ಬಂದು ಹೊಲ ಮಾಡಿದವರು ರೈತರ ಲೆಕ್ಕಕ್ಕೆ ಹೋಗುತ್ತಾರೆ, ಅಪಾರ್ಟ್‌ಮೆಂಟಿನ ಕಾವಲಿಗೆ ಸೇರಿದವರು ಖಾಸಗಿ ನೌಕರರಾಗುತ್ತಾರೆ. 17 ವರ್ಷ ಗಡಿಯಲ್ಲಿ ನಿಂತದ್ದು ಅವರ ಸಾವಿನ ಕಾಗದದಲ್ಲಿ ಎಲ್ಲೂ ಬರುವುದಿಲ್ಲ. ಎಣಿಸದೇ ಇದ್ದರೆ ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದು ಹೇಳುವುದು ಯಾರಿಗೂ ಕಷ್ಟವಲ್ಲ.

ನಾನು ಬೆಳಗಾವಿ ಜಿಲ್ಲೆಯವಳು. ನನ್ನ ತಂದೆ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಮಾಜಿ ಸೈನಿಕರ ನಡುವೆಯೇ ಬೆಳೆದಿದ್ದೇನೆ. ತಂದೆಯವರ ಜೊತೆ ಸೇನೆಯ ಕ್ಯಾಂಟೀನಿಗೆ ಹೋದಾಗ ಸಾಲಿನಲ್ಲಿ ನಿಂತವರ ಮಾತು ಯಾವಾಗಲೂ ಒಂದೇ: ಪಿಂಚಣಿಯ ಜಾಲತಾಣ ಸ್ಪರ್ಶ್‌ನಲ್ಲಿ ಹೆಸರು ತಪ್ಪಾಗಿದೆ, ಒಆರ್‌ಒಪಿ (ಒಂದು ರ‍್ಯಾಂಕ್ ಒಂದು ಪಿಂಚಣಿ) ಬಾಕಿ ಬಂದಿಲ್ಲ, ಜೀವನ ಪ್ರಮಾಣಪತ್ರ ಅಪ್‌ಲೋಡ್ ಆಗಲಿಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ನಲ್ಲಿ ಔಷಧಿ ಇಲ್ಲ. ಇವೆಲ್ಲವೂ ನಿಜವಾದ ತೊಂದರೆಗಳೇ. ಆದರೆ ಒಂದು ದಿನ ತಂದೆಯವರ ಗೆಳೆಯರಾದ ಸುಬೇದಾರರೊಬ್ಬರು ನನ್ನ ಕಡೆ ತಿರುಗಿ ಕೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: “ತಂಗಿ, ಪೆನ್ಶನ್ನಿಗೊಂದು ಕಿಡಕಿ ಐತಿ, ಔಷಧಕ್ಕೊಂದು ಕಿಡಕಿ ಐತಿ. ರಾತ್ರಿ ನಿದ್ದೀ ಬರೂದಿಲ್ಲ ಅಂತ ಯಾವ ಕಿಡಕ್ಯಾಗ ಹೇಳೂಣು?” ಅವರ ಹಿಂದೆ ನಿಂತವರು ಯಾರೂ ನಗಲಿಲ್ಲ, ಯಾರೂ ಉತ್ತರವನ್ನೂ ಕೊಡಲಿಲ್ಲ. ಅವರ ಮನೆಯವರು ಜಿಲ್ಲೆಯ ಒಂದು ಕಚೇರಿಗೆ ಹೋಗಿ ಗಂಡನ ಸ್ಥಿತಿ ಹೇಳಿಕೊಂಡಾಗ ಸಿಕ್ಕಿದ್ದು “ಡಿಸ್ಚಾರ್ಜ್ ಬುಕ್ ತಗೊಂಡು ಅವರನ್ನೇ ಕಳಿಸ್ರಿ” ಎಂಬ ಉತ್ತರ. ಹಾಸಿಗೆ ಬಿಟ್ಟು ಏಳಲಾರದವರು ಸೇನೆಯಿಂದ ಬಿಡುಗಡೆಯಾದ ದಾಖಲೆಯ ಆ ಪುಸ್ತಕ ಹಿಡಿದು ಕಚೇರಿಗೆ ಬರುತ್ತಾರೆಯೇ?

ಇದನ್ನು ಬರೆದದ್ದು ಯಾವುದೋ ಗುಮಾಸ್ತರನ್ನು ದೂರಲು ಅಲ್ಲ. ಆ ತಾಯಿಗೆ ಏನು ಹೇಳಬೇಕೆಂದು ಅವರಿಗೂ ಯಾರೂ ಕಲಿಸಿಲ್ಲ.

ನಮ್ಮಲ್ಲಿ ಏನೂ ಇಲ್ಲ ಎಂದೂ ನಾನು ಹೇಳುವುದಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಇದೆ, ನಂಬರ್ 14416. ಹಗಲೂ ರಾತ್ರಿ ಇರುತ್ತದೆ, ಕಾಸಿಲ್ಲ, ಕನ್ನಡವನ್ನೇ ಆರಿಸಿಕೊಂಡು ಮಾತಾಡಬಹುದು. ಇಡೀ ದೇಶಕ್ಕೆ ಅದರ ಮೂಲಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್, ತಂತ್ರಜ್ಞಾನದ ಬೆಂಬಲ ಬೆಂಗಳೂರಿನ ಐಐಐಟಿಯದು. 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೇನೆಯವರಿಗಾಗಿಯೇ ಟೆಲಿ-ಮಾನಸ್‌ನ ಒಂದು ಘಟಕ ತೆರೆಯಿತು. ಅಡಿಪಾಯ ಬಿದ್ದಾಗಿದೆ. ಹಾಗಾಗಿ ನಿಮ್ಮನ್ನು ಕೇಳುತ್ತಿರುವುದು ಹೊಸ ನಂಬರ್ ಅಲ್ಲ, ಹೊಸ ಕಟ್ಟಡವೂ ಅಲ್ಲ. ಕರ್ನಾಟಕದಿಂದ 14416ಕ್ಕೆ ಫೋನ್ ಮಾಡಿ ಕನ್ನಡ ಆರಿಸಿಕೊಂಡ ಮೇಲೆ “ನೀವು ಮಾಜಿ ಸೈನಿಕರಾಗಿದ್ದರೆ ಅಥವಾ ಅವರ ಮನೆಯವರಾಗಿದ್ದರೆ ಈ ಅಂಕಿ ಒತ್ತಿ” ಎಂಬ ಒಂದು ಸಾಲು ಕೇಳಿಸಬೇಕು. ಒತ್ತಿದರೆ ಆ ಬದುಕು ಗೊತ್ತಿರುವ ಕನ್ನಡದವರು ಮಾತಿಗೆ ಸಿಗಬೇಕು.

ಗೊತ್ತಿರುವವರೇ ಯಾಕೆ ಬೇಕು? ಕನಂಡೈಗ್ವಾದಲ್ಲಿ ಫೋನ್ ಎತ್ತುವವರಲ್ಲಿ ಮಾಜಿ ಸೈನಿಕರಿದ್ದಾರೆ, ಸೈನಿಕರ ಮನೆಯವರಿದ್ದಾರೆ. ಸಿಯಾಚಿನ್ ಪೋಸ್ಟಿಂಗ್ ಅಂದರೇನು, ಜೊತೆಗಾರನ ಹೆಣ ಅವನ ಊರಿಗೆ ತಲುಪಿಸಿ ಬರುವುದು ಅಂದರೇನು, ರಜೆ ಸಿಗದೆ ತಾಯಿಯ ಮುಖ ಕೊನೆಗೂ ನೋಡಲಾಗದೇ ಹೋಗುವುದು ಅಂದರೇನು ಎಂಬುದನ್ನೆಲ್ಲ ಮೊದಲಿನಿಂದ ವಿವರಿಸಬೇಕಾದರೆ ಫೋನ್ ಮಾಡಿದವರು ನಡುವೆಯೇ ಸುಮ್ಮನಾಗುತ್ತಾರೆ. ಸುಬೇದಾರರಂಥ ನಿವೃತ್ತ ಜೆಸಿಒಗಳು, ಸೇನಾ ಆಸ್ಪತ್ರೆಗಳಲ್ಲಿ ದುಡಿದ ನರ್ಸಿಂಗ್ ಸಹಾಯಕರು, ಹುತಾತ್ಮ ಸೈನಿಕರ ಪತ್ನಿಯರಾದ ವೀರನಾರಿಯರು ನಮ್ಮ ಜಿಲ್ಲೆಗಳಲ್ಲಿ ಎಷ್ಟಿಲ್ಲ! ಅವರಲ್ಲಿ ಮನಸ್ಸಿರುವವರನ್ನು ಆರಿಸಿ, ನಿಮ್ಹಾನ್ಸ್‌ನಲ್ಲಿ ಸರಿಯಾದ ತರಬೇತಿ ಕೊಡಿಸಿ, ಮನೋವೈದ್ಯರ ಮೇಲ್ವಿಚಾರಣೆಯಲ್ಲಿ ಕೂರಿಸಬಹುದು.

ಅವರಿಗೆ ಮರ್ಯಾದೆಯ ಸಂಬಳವೂ ಬೇಕು. ಚಿತ್ರ ಮುಖ್ಯವಾಗಿ ತೋರಿಸುವುದು ಇದನ್ನೇ. ಒಂದು ಕರೆ ಮುಗಿಯುತ್ತದೆ, ಹೆಡ್‌ಸೆಟ್ ತೆಗೆದು ಒಂದು ಗಳಿಗೆ ಹಾಗೇ ಕೂರುತ್ತಾರೆ. ಆ ಕಡೆಯವರು ಬದುಕಿದರೋ ಇಲ್ಲವೋ ಎಷ್ಟೋ ಸಲ ಗೊತ್ತಾಗುವುದೇ ಇಲ್ಲ, ಅಷ್ಟರಲ್ಲಿ ಮುಂದಿನ ಫೋನ್. ಒಬ್ಬರಿಗೆ ಕಷ್ಟದ ಕರೆ ಬಂದಾಗ ಸುತ್ತಲಿನವರು ಎದ್ದು ಹತ್ತಿರ ಬರುತ್ತಾರೆ, ಕರೆ ಮುಗಿದ ಮೇಲೆ ಅವರನ್ನು ಒಂಟಿಯಾಗಿ ಬಿಡುವುದಿಲ್ಲ. ಈ ಕೆಲಸವನ್ನು ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ, ಅರ್ಧ ಸಂಬಳಕ್ಕೆ, ಪಾಳಿ ಮುಗಿದರೂ ಎಬ್ಬಿಸದೆ ಮಾಡಿಸಿದರೆ ಫೋನ್ ಎತ್ತುವವರೇ ಮುರಿದುಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಫೋನ್ ಇಟ್ಟ ಮೇಲೆ ಏನು ಎಂಬುದು ಮುಂದಿನ ಮಾತು. ಅಮೆರಿಕದಲ್ಲಿ ಮಾಜಿ ಸೈನಿಕರ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಆತ್ಮಹತ್ಯೆ ತಡೆಯುವುದಕ್ಕೆಂದೇ ನೇಮಿಸಿದ ಸಂಯೋಜಕರಿರುತ್ತಾರೆ. ಕರೆ ಮಾಡಿದವರು ಒಪ್ಪಿದರೆ ಅವರ ವಿವರ ಸಂಯೋಜಕರಿಗೆ ಹೋಗುತ್ತದೆ, ಮರುದಿನವೇ ಅವರು ವಿಚಾರಿಸುತ್ತಾರೆ. 2020ರಿಂದ ಇನ್ನೊಂದು ಕ್ರಮ ಸೇರಿದೆ. ಸಹಾಯವಾಣಿಗೆ ಫೋನ್ ಮಾಡಿದ ಮಾಜಿ ಸೈನಿಕರಿಗೆ ಒಂದು ವರ್ಷದ ತನಕ ಆಗಾಗ ಅಂಚೆಯಲ್ಲಿ ಪತ್ರ ಕಳಿಸುತ್ತಾರೆ. ಅದರಲ್ಲಿ ಉಪದೇಶ ಇರುವುದಿಲ್ಲ, ನಿಮ್ಮನ್ನು ನೆನೆದೆವು, ಬೇಕಾದಾಗ ಫೋನ್ ಮಾಡಿ ಎಂಬಂಥ ಸಣ್ಣ ಕಾಗದ.

ಇದರ ಹಿಂದೆ ಒಂದು ಸೊಗಸಾದ ಕಥೆಯಿದೆ. ಜೆರೋಮ್ ಮೊಟ್ಟೊ ಎಂಬ ಮನೋವೈದ್ಯರು ಹುಡುಗರಾಗಿದ್ದಾಗ ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದರು. ಆಗ ಹುಡುಗಿಯೊಬ್ಬಳು ಅವರಿಗೆ ಪತ್ರ ಬರೆಯುತ್ತಿದ್ದಳು. ಆ ಪತ್ರಗಳು ತಮ್ಮನ್ನು ಹೇಗೆ ಹಿಡಿದಿಟ್ಟವು ಎಂಬುದನ್ನು ಅವರು ಮರೆಯಲಿಲ್ಲ. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಆಸ್ಪತ್ರೆ ಸೇರಿ ಬಿಡುಗಡೆಯಾಗಿ ಮುಂದಿನ ಚಿಕಿತ್ಸೆ ಬೇಡವೆಂದ 843 ಜನರಲ್ಲಿ ಅರ್ಧದಷ್ಟು ಮಂದಿಗೆ 5 ವರ್ಷ ಸಣ್ಣ ಪತ್ರಗಳನ್ನು ಕಳಿಸಿದರು. ಮೊದಲು ತಿಂಗಳಿಗೊಂದು, ಆಮೇಲೆ ಇನ್ನೂ ಬಿಡುವಾಗಿ. ಪತ್ರ ಹೋದವರಲ್ಲಿ ಆತ್ಮಹತ್ಯೆಯ ಸಾವು ಕಡಿಮೆಯಾಗಿತ್ತು. ಅದರಲ್ಲೂ ಮೊದಲ ಎರಡು ವರ್ಷಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು.

‘ಕೇರ್ ಆಫ್ 56 ಎಪಿಒ’ ಎಂಬ ಸೇನೆಯ ಅಂಚೆ ವಿಳಾಸವನ್ನು ಇನ್‌ಲ್ಯಾಂಡ್ ಮೇಲೆ ಬರೆದು ಕಾದ ಮನೆಗಳು ನಮ್ಮವು. ಊರಿನ ಮಳೆ, ಎಮ್ಮೆ ಕರು ಹಾಕಿದ್ದು, ಮಗುವಿನ ಹಲ್ಲು ಎಲ್ಲ ಆ ನೀಲಿ ಕಾಗದದಲ್ಲಿ ಹೋಗುತ್ತಿದ್ದವು. ಪತ್ರದ ಬೆಲೆ ಸೈನಿಕರಿಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಇಲಾಖೆಯ ಬಳಿ ಮಾಜಿ ಸೈನಿಕರ ವಿಳಾಸಗಳಿವೆ, ಜಿಲ್ಲಾ ಕಚೇರಿಗಳಿವೆ, ಧ್ವಜ ದಿನಾಚರಣೆಯ ಸ್ಟಿಕ್ಕರ್ ಹಂಚುವ ವ್ಯವಸ್ಥೆಯೂ ಇದೆ. ಫೋನ್ ಮಾಡಿದವರ ಒಪ್ಪಿಗೆ ಪಡೆದು, ಲಕೋಟೆಯ ಮೇಲೆ ಇಲಾಖೆಯ ಮುದ್ರೆ ಕಾಣದಂತೆ, ಕನ್ನಡದಲ್ಲಿ ಕೈಬರಹದ ನಾಲ್ಕು ಸಾಲು ಕಳಿಸುವುದು ಆಗದ ಕೆಲಸವಲ್ಲ. ಬರೆಯುವವರು ಬೇಕಾದರೆ ನಾನು ಬರುತ್ತೇನೆ, ನನ್ನಂಥ ಸೈನಿಕರ ಮಕ್ಕಳೂ ಬರುತ್ತಾರೆ.

ಅಮೆರಿಕದ ಪದ್ಧತಿಯಲ್ಲಿ ಒಂದನ್ನು ಮಾತ್ರ ಹಾಗೇ ತರಬೇಡಿ. ಅಪಾಯ ಕಂಡರೆ ಅವರು ಮನೆಗೆ ಪೊಲೀಸರನ್ನು ಕಳಿಸುತ್ತಾರೆ. ನಮ್ಮಲ್ಲಿ ಪೊಲೀಸ್ ಜೀಪು ಮನೆ ಮುಂದೆ ನಿಂತರೆ ಊರಿಗೆ ಊರೇ ಸೇರುತ್ತದೆ. ಆತ್ಮಹತ್ಯೆಗೆ ಯತ್ನಿಸಿದರೆ ಕೇಸಾಗುತ್ತದೆ ಎಂಬ ಭಯ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ತಿಳಿಯಬೇಕು, ಶಿಕ್ಷಿಸಬಾರದು, ಆರೈಕೆ ಕೊಡಬೇಕು ಎನ್ನುತ್ತದೆ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಂ ಉಳಿದಿಲ್ಲ. ಇದನ್ನು ಮಾಜಿ ಸೈನಿಕರ ಪ್ರತಿ ಸಭೆಯಲ್ಲೂ ಹೇಳಿ. ತುರ್ತಿಗೆ 108 ಆಂಬುಲೆನ್ಸ್ ಹೋಗಲಿ, ಜೊತೆಗೆ ಸಾಧ್ಯವಾದರೆ ಹತ್ತಿರದ ಊರಿನ ಒಬ್ಬ ಮಾಜಿ ಸೈನಿಕರು ಮಫ್ತಿಯಲ್ಲಿ ಹೋಗಲಿ.

ಇದಕ್ಕೆ ಅವಸರವೂ ಇದೆ. ನಮ್ಮ ಜವಾನರು ಮೂವತ್ತೈದು ನಲವತ್ತರ ಒಳಗೇ ನಿವೃತ್ತರಾಗುತ್ತಾರೆ. ದೇಶದಲ್ಲಿ ವರ್ಷಕ್ಕೆ ಸುಮಾರು 60 ಸಾವಿರ ಜನ ಹೀಗೆ ಮನೆಗೆ ಮರಳುತ್ತಾರೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಭೂಸೇನೆಯ ಮೊದಲ ತಂಡ 2023ರ ಜನವರಿಯಲ್ಲಿ ತರಬೇತಿಗೆ ಸೇರಿತು. ನಾಲ್ಕು ವರ್ಷ ತುಂಬಿದಾಗ ಸೇನೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರನ್ನು. ಉಳಿದವರು ಇಪ್ಪತ್ತೈದರ ಆಸುಪಾಸಿನ ಹುಡುಗರು, ಊರಿಗೆ ಬರುತ್ತಾರೆ. ಅವರಿಗೆ ಪಿಂಚಣಿ ಇಲ್ಲ, ಇಸಿಎಚ್‌ಎಸ್ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ಈ ಪತ್ರದ್ದಲ್ಲ. ಆದರೆ ಅಮೆರಿಕದ ವರದಿಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಹೆಚ್ಚು ಕಾಣುವುದು 35ರ ಒಳಗಿನ ಮಾಜಿ ಸೈನಿಕರಲ್ಲಿ, ಸೇವೆ ಬಿಟ್ಟ ಮೊದಲ ವರ್ಷ ಅಪಾಯ ಜಾಸ್ತಿ ಎಂದೂ ಅಲ್ಲಿ ಕಂಡಿದ್ದಾರೆ. ಆದ್ದರಿಂದ ನಾನು ಕೇಳುತ್ತಿರುವ ಆ ಅಂಕಿ ಒತ್ತುವ ಹಕ್ಕು ಅಗ್ನಿವೀರರಿಗೂ ಇರಬೇಕು. ಫೋನ್ ಎತ್ತಿದವರು ಮೊದಲು ಕೇಳಬೇಕಾದದ್ದು ಅವರ ಹೆಸರನ್ನು. ಗುರುತಿನ ಚೀಟಿ, ಪಿಂಚಣಿ ಆದೇಶದ (ಪಿಪಿಒ) ನಂಬರ್ ಕೇಳಲೇಬಾರದು.

ಹೆಂಡತಿಯರನ್ನು ಮರೆಯಬೇಡಿ. ಮೊದಲ ಫೋನ್ ಬಹುತೇಕ ಅವರದೇ ಆಗಿರುತ್ತದೆ, ಗಂಡ ಮಲಗಿದ ಮೇಲೆ, ಹಿತ್ತಲಿಗೆ ಬಂದು, ಪಿಸುದನಿಯಲ್ಲಿ. “ಇವರು ಊಟ ಬಿಟ್ಟಾರ್ರೀ, ಮಾತು ಬಿಟ್ಟಾರ್ರೀ” ಎಂದು ಶುರುವಾಗುವ ಆ ಮಾತನ್ನು ಪೂರ್ತಿ ಕೇಳುವವರು ಬೇಕು. ಗಂಡನಿಗೆ ಹೇಗೆ ಹೇಳಬೇಕು, ಮನೆಯಲ್ಲಿ ಯಾವುದನ್ನು ಎತ್ತಿಡಬೇಕು, ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂದು ಹೇಳಿಕೊಡಬೇಕು.

ಆಸ್ಕರ್ ವೇದಿಕೆಯಲ್ಲಿ ಡೇನಾ ಪೆರಿ ಪ್ರಶಸ್ತಿಯನ್ನು ತಮ್ಮ ಮಗನಿಗೆ ಅರ್ಪಿಸಿದರು. 15ರ ವಯಸ್ಸಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ಹುಡುಗ ಅವನು. ಆತ್ಮಹತ್ಯೆಯ ಬಗ್ಗೆ ಎಲ್ಲರಿಗೂ ಕೇಳುವಂತೆ ಮಾತಾಡಬೇಕು ಎಂದು ಆ ತಾಯಿ ಕೋಟಿಗಟ್ಟಲೆ ಜನ ನೋಡುತ್ತಿದ್ದ ಹೊತ್ತಿನಲ್ಲಿ ಹೇಳಿದರು. ಆಕೆಗೆ ಇದ್ದ ಧೈರ್ಯ ಒಂದು ಇಲಾಖೆಗೆ ಇರಬೇಕಲ್ಲವೇ? ನಿಮ್ಮ ಮಾಜಿ ಸೈನಿಕರ ಸಮಾವೇಶಗಳಲ್ಲಿ ಪಿಂಚಣಿಯ ಮಾತಾಗುತ್ತದೆ, ನಿವೇಶನದ ಮಾತಾಗುತ್ತದೆ, ಸನ್ಮಾನದ ಶಾಲು ಹಾರ ಆಗುತ್ತದೆ. ಮುಂದಿನ ಸಮಾವೇಶದಲ್ಲಿ ಒಬ್ಬ ನಿವೃತ್ತ ಅಧಿಕಾರಿ ಮೈಕಿನ ಮುಂದೆ ನಿಂತು, ನನಗೂ ಕೆಟ್ಟ ರಾತ್ರಿಗಳಿದ್ದವು, ಸಹಾಯ ಕೇಳಿದೆ, ನೀವೂ ಕೇಳಿ ಎಂದು ಹೇಳುವಂತಾಗಲಿ. ಕೆಳಗಿನ ರ‍್ಯಾಂಕಿನವರು ಬಾಯಿಬಿಡುವುದು ಆಮೇಲೆಯೇ.

ಇವುಗಳಲ್ಲಿ ಕೆಲವನ್ನು ದೆಹಲಿಯ ಒಪ್ಪಿಗೆಯಿಲ್ಲದೆ ಮಾಡಲಾಗದು ಎಂಬುದು ನನಗೆ ಗೊತ್ತು. 14416ಕ್ಕೆ ಫೋನ್ ಮಾಡಿದಾಗ ಕೇಳಿಸುವ ಆಯ್ಕೆಗಳನ್ನು ಬದಲಿಸಲು ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಬರೆಯಬೇಕಾಗಬಹುದು. ಬರೆಯಿರಿ, ಬರೆದ ಪತ್ರದ ಪ್ರತಿಯನ್ನು ನಿಮ್ಮ ಜಿಲ್ಲಾ ಕಚೇರಿಗಳ ಫಲಕದಲ್ಲಿ ಹಾಕಿ. ಒಪ್ಪಿಗೆ ಬರುವ ತನಕ ಕಾಯದೆ ಮಾಡಬಹುದಾದವೂ ಇವೆ. ಕ್ಯಾಂಟೀನ್ ಬಿಲ್ಲಿನ ಮೇಲೆ, ಪಾಲಿಕ್ಲಿನಿಕ್‌ನ ಔಷಧಿ ಚೀಟಿಯ ಮೇಲೆ, ಜಿಲ್ಲಾ ಕಚೇರಿಯ ಬಾಗಿಲ ಮೇಲೆ 14416 ಎಂಬ ನಂಬರ್ ದಪ್ಪಕ್ಷರದಲ್ಲಿ ಅಚ್ಚಾಗಲಿ. ಕ್ಯಾಂಟೀನು, ಪಾಲಿಕ್ಲಿನಿಕ್ಕು ನಿಮ್ಮ ಕೈಯಲ್ಲಿಲ್ಲದಿದ್ದರೆ ಅವುಗಳ ಅಧಿಕಾರಿಗಳಿಗೆ ಒಂದು ಸಾಲು ಬರೆಯಿರಿ. ಜಿಲ್ಲಾ ಕಚೇರಿಯ ಪ್ರತಿಯೊಬ್ಬ ಸಿಬ್ಬಂದಿಗೂ ನಿಮ್ಹಾನ್ಸ್‌ನವರಿಂದ ಒಂದು ದಿನದ ತರಬೇತಿಯಾಗಲಿ. ರಾಜ್ಯದ ಮಟ್ಟಿಗೆ ಮಾಜಿ ಸೈನಿಕರ ಆತ್ಮಹತ್ಯೆಯ ಸಾವುಗಳನ್ನು, ಹೆಸರು ಹೊರಬೀಳದಂತೆ, ಎಣಿಸಲು ಪೊಲೀಸ್ ಇಲಾಖೆಯ ಜೊತೆ ಕೂತು ಮಾತಾಡಿ.

ಈ ಪತ್ರವನ್ನು ಓದುತ್ತಿರುವ ಮಾಜಿ ಸೈನಿಕರಲ್ಲೂ ಅವರ ಮನೆಯವರಲ್ಲೂ ಒಂದು ಮಾತು: ವಿಶೇಷ ಅಂಕಿ ಬರುವ ತನಕ ಕಾಯಬೇಡಿ. 14416 ಇವತ್ತೂ ಇದೆ, ಈ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಹತ್ತಿರವಿದೆ ಅನ್ನಿಸಿದರೆ 112 ಅಥವಾ 108ಕ್ಕೆ ಫೋನ್ ಮಾಡಿ, ಒಬ್ಬರೇ ಇರಬೇಡಿ.

ಮಾನ್ಯರೇ, ಈ ಕೋರಿಕೆಯಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಆಗದಿದ್ದರೆ ಯಾಕೆ ಎಂಬುದಕ್ಕೆ ನಿಮ್ಮಿಂದ ಬಹಿರಂಗವಾಗಿಯೇ ಲಿಖಿತ ಉತ್ತರ ಬೇಕು.

ಇಂತಿ,
ನಿವೃತ್ತ ಹವಾಲ್ದಾರರೊಬ್ಬರ ಮಗಳು
ಬೆಳಗಾವಿ ಜಿಲ್ಲೆ